ಹರ್ಮನ್ ಎಂಬ ಹೆಸರಿನವರು ಐವರು

ನಮ್ಮ ಕರ್ತನ ಹನ್ನೆರಡು ಮಂದಿ ಅಪೊಸ್ತಲರಲ್ಲಿ ಯೂದ ಎಂಬ ಹೆಸರಿನವರು ಇಬ್ಬರಿದ್ದರೆಂಬದನ್ನು ಗಮನಿಸಿದ್ದೀರೋ? ಒಬ್ಬನು ಮೂವತ್ತು ಬೆಳ್ಳಿ ನಾಣ್ಯಗಳಿಗಾಗಿ ತನ್ನ ಗುರುವನ್ನು ಹಿಡುಕೊಟ್ಟನು. ಮತ್ತೊಬ್ಬನು ಕಡೇ ರಾತ್ರಿಯ ಊಟದ ಹೊತ್ತಿನಲ್ಲಿ ಕರ್ತನಿಗೆ ಒಂದು ಪ್ರಶ್ನೆಯನ್ನು ಹಾಕಿ, ಅದರ ಉತ್ತರವನ್ನು ಕೇಳಿಕೊಂಡ ಶಿಷ್ಯನು. ಯೋಹಾನನು ತನ್ನ ಸುವಾರ್ತೆಯ ಹದಿನಾಲ್ಕನೆಯ ಅಧ್ಯಾಯದಲ್ಲಿ ಈ ಎರಡನೆಯವನ ಮಾತನ್ನು ಬರೆಯುವಾಗ, ಇವನು ಇಸ್ಕರಿಯೋತನಲ್ಲವೆಂದು ಬಿಡಿಸಿ ಹೇಳಬೇಕಾಯಿತು. ಹೆಸರು ಒಂದೇ, ನಡತೆ ಬೇರೆ. ಒಬ್ಬನು ಮಾಡಿದ ದ್ರೋಹದಿಂದ ಏನೂ ತಪ್ಪು ಮಾಡದ ಮತ್ತೊಬ್ಬನ ಹೆಸರಿಗೂ ವಿವರಣೆ ಬೇಕಾಯಿತು.

ನಮ್ಮ ಹಳ್ಳಿಯ ಸಭೆಗಳಲ್ಲಿ ದೀಕ್ಷಾಸ್ನಾನದ ದಿನವು ಸಮೀಪಿಸಿದಾಗ ಹೆಸರಿನ ವಿಷಯವಾಗಿ ಮಾತು ಏಳುವದುಂಟು. ಹಳೇ ಹೆಸರನ್ನು ಬಿಟ್ಟೇ ಬಿಡಬೇಕೆಂದು ಕೆಲವರು ಹೇಳುವರು. ತಾಯಿತಂದೆಗಳು ಇಟ್ಟ ಹೆಸರು ಏನು ಪಾಪ ಮಾಡಿತ್ತೆಂದು ನೆರೆಹೊರೆಯವರು ಕೇಳುವರು. ದೊಡ್ಡ ಪಾದ್ರಿಗಳೊಬ್ಬರ ಹೆಸರನ್ನಿಟ್ಟರೆ ಮಗನು ಅವರಂತೆಯೇ ಆಗುವನೆಂದು ತಂದೆಯೊಬ್ಬನು ಆಶಿಸುವನು. ಈ ಮಾತುಗಳಲ್ಲಿ ಎಷ್ಟು ನಿಜ, ಎಷ್ಟು ಬರಿಯ ಭ್ರಮೆ? ಇದನ್ನು ತಿಳಿಯುವದಕ್ಕಾಗಿ ಈ ಪಾಠದಲ್ಲಿ ಒಂದೇ ಹೆಸರನ್ನು ತೆಗೆದುಕೊಂಡು, ಅದನ್ನು ಧರಿಸಿದ ಐವರ ಜೀವಿತಗಳನ್ನು ಒಂದರ ಪಕ್ಕದಲ್ಲಿ ಒಂದಾಗಿ ಇಟ್ಟು ನೋಡುವ. ಆ ಹೆಸರು ಹರ್ಮನ್ ಎಂಬದು. ಅದು ಜರ್ಮನ್ ದೇಶದ ಹೆಸರಾದರೂ ಕನ್ನಡ ನಾಡಿಗೆ ಪರಕೀಯವಲ್ಲವೆಂದು ಮುಂದೆ ಕಾಣುವಿರಿ.

ಹೆಸರಿನ ಅರ್ಥ

ಜರ್ಮನರ ಪ್ರಾಚೀನ ಭಾಷೆಯಲ್ಲಿ ಈ ಹೆಸರಿಗೆ ಎರಡು ಭಾಗಗಳಿವೆ. ಮೊದಲನೆಯದಕ್ಕೆ ದಂಡು ಎಂತಲೂ ಎರಡನೆಯದಕ್ಕೆ ಮನುಷ್ಯನು ಎಂತಲೂ ಅರ್ಥ. ಹೀಗೆ ಹರ್ಮನ್ ಎಂದರೆ ದಂಡಿನವನು, ಕಾದಾಡುವವನು ಎಂದಾಗುವದು. ನಮ್ಮಲ್ಲಿ ಮಗನಿಗೆ ವೀರಪ್ಪನೆಂದು ಹೆಸರಿಡುವ ಹಾಗೆಯೇ ಅದು. ಕ್ರಿಸ್ತ ಶಕ 9ನೆಯ ವರುಷದಲ್ಲಿ ರೋಮಾಪುರದವರ ಮೂರು ದಂಡುಗಳನ್ನು ಕಾಡಿನಲ್ಲಿ ಸೋಲಿಸಿದ ಅರ್ಮಿನಿಯುಸನೆಂಬ ನಾಯಕನನ್ನು ಜರ್ಮನರು ಬಹು ಕಾಲದ ನಂತರ ಹರ್ಮನ್ ಎಂದು ಕರೆಯತೊಡಗಿದರು. ಡೆಟ್ಮೋಲ್ಡ್ ಎಂಬ ಊರಿನ ಹತ್ತಿರದ ಬೆಟ್ಟದ ಮೇಲೆ, ಕತ್ತಿಯನ್ನು ಮೇಲಕ್ಕೆತ್ತಿ ನಿಂತ ಅವನ ದೊಡ್ಡ ಪ್ರತಿಮೆಯನ್ನು 1875ರಲ್ಲಿ ಕಟ್ಟಿ ಮುಗಿಸಿದರು. ಲೋಕದ ಕಣ್ಣಿಗೆ ಈ ಹೆಸರಿನ ಮಹಿಮೆಯು ಆ ಕತ್ತಿಯಲ್ಲಿಯೇ ಇತ್ತು. ಆದರೆ ಅದೇ ಶತಮಾನದಲ್ಲಿ ಈ ಹೆಸರಿನವರಿಬ್ಬರು ಕತ್ತಿಯಿಲ್ಲದೆ ಸಮುದ್ರ ದಾಟಿ ನಮ್ಮ ದೇಶಕ್ಕೆ ಬಂದರು.

1. ಹರ್ಮನ್ ಮೊಗ್ಲಿಂಗ್

ಇವರು 1811ರಲ್ಲಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ ಹುಟ್ಟಿದರು. ಟ್ಯೂಬಿಂಗೆನ್ ವಿದ್ಯಾಪೀಠದಲ್ಲಿ ವೇದಶಾಸ್ತ್ರವನ್ನು ಓದಿ, ಬಾಸೆಲ್ ಮಿಶನಿನವರಾಗಿ 1836ರಲ್ಲಿ ಮಂಗಳೂರಿಗೆ ಬಂದರು. ಆಗ ಆ ಮಿಶನ್ ಅಲ್ಲಿ ಕೆಲಸವನ್ನು ಆರಂಭಿಸಿ ಎರಡೇ ವರುಷವಾಗಿತ್ತು.

ಜನರಿಗೆ ಉಪದೇಶ ಮಾಡಬೇಕಾದರೆ ಮೊದಲು ಅವರ ಮಾತನ್ನು ಕೇಳಬೇಕೆಂಬದನ್ನು ಮೊಗ್ಲಿಂಗರು ಅರಿತಿದ್ದರು. 1843ನೆಯ ಜುಲೈ 1ರಂದು ಅವರು ಮಂಗಳೂರ ಸಮಾಚಾರ ಎಂಬ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಕನ್ನಡದಲ್ಲಿ ಹುಟ್ಟಿದ ಮೊದಲನೆಯ ಸಮಾಚಾರಪತ್ರಿಕೆ ಇದೇ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಆ ಪತ್ರಿಕೆಯ ಬೆಲೆ ಒಂದು ದುಡ್ಡು. ಊರಿನ ವರ್ತಮಾನ, ಸರಕಾರದ ನಿರೂಪಗಳು, ದೂರ ದೇಶಗಳ ಸುದ್ದಿ, ಇವೆಲ್ಲಾ ಅದರಲ್ಲಿ ಇರುತ್ತಿದ್ದವು. ಮರು ವರುಷ ಅದರ ಅಚ್ಚಿನ ಕೆಲಸವು ಬಳ್ಳಾರಿಗೆ ಹೋಯಿತು. ಕರ್ನಾಟಕದವರು ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವದು ಇದರ ನೆನಪಿಗಾಗಿಯೇ.

ಇದಕ್ಕಿಂತಲೂ ಹೆಚ್ಚಾಗಿ ಆಲೋಚಿಸತಕ್ಕ ಒಂದು ಕೆಲಸವನ್ನು ಅವರು ಮಾಡಿದರು. ಓಲೆಗರಿಗಳಲ್ಲಿ ಹುದುಗಿದ್ದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದ ಕನ್ನಡ ಕೃತಿಗಳನ್ನು ಶೋಧಿಸಿ, ಒಂದು ಮಾಲೆಯಾಗಿ ಅಚ್ಚು ಹಾಕಿಸಿದರು. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಕ್ಯಾಸಮೇಜರ್ ದೊರೆಗಳು ಅದರ ವೆಚ್ಚಕ್ಕೆ ನೆರವಾದರು. ಇವು ಕ್ರೈಸ್ತರ ಗ್ರಂಥಗಳಲ್ಲ. ಆದರೂ ಸುವಾರ್ತೆಯನ್ನು ಸಾರಲು ಬಂದ ಪಾದ್ರಿಗಳು ಇವುಗಳನ್ನು ಉಳಿಸುವದಕ್ಕಾಗಿ ಕಣ್ಣು ನೋಯಿಸಿಕೊಂಡರು. ನೆರೆಯವನ ಮನೆಯಲ್ಲಿರುವ ಒಳ್ಳೇ ವಸ್ತುವನ್ನು ಒಳ್ಳೇದೆಂದು ಹೇಳಿದರೆ ನಮ್ಮ ನಂಬಿಕೆಗೆ ಕುಂದಿಲ್ಲವೆಂದು ಅವರ ನಡತೆಯೇ ತೋರಿಸಿತು. 1858ರಲ್ಲಿ ಟ್ಯೂಬಿಂಗೆನ್ ವಿದ್ಯಾಪೀಠವು ಅವರ ಪಾಂಡಿತ್ಯವನ್ನು ಮೆಚ್ಚಿ ಡಾಕ್ಟರ್ ಎಂಬ ಬಿರುದನ್ನು ಕೊಟ್ಟಿತು. 1860ರಲ್ಲಿ ಅವರು ಸ್ವದೇಶಕ್ಕೆ ಹಿಂತಿರುಗಿ, 1881ರಲ್ಲಿ ತೀರಿಹೋದರು.

2. ಹರ್ಮನ್ ಗುಂಡರ್ಟ್

ಇವರು 1814ರಲ್ಲಿ ಸ್ಟುಟ್‌ಗಾರ್ಟ್ ಪಟ್ಟಣದಲ್ಲಿ ಹುಟ್ಟಿದರು. ಇವರೂ ಟ್ಯೂಬಿಂಗೆನ್ನಿನಲ್ಲಿಯೇ ಕಲಿತು 1836ರಲ್ಲಿಯೇ ಹಿಂದುಸ್ಥಾನಕ್ಕೆ ಬಂದರು. ಮೊದಲು ತಮಿಳು ನಾಡಿನಲ್ಲಿದ್ದು, 1838ರಲ್ಲಿ ಮಂಗಳೂರಿಗೆ ಬಂದು ಬಾಸೆಲ್ ಮಿಶನನ್ನು ಸೇರಿದರು. ಮರು ವರುಷ ಮಲಬಾರಿನ ತಲಚೇರಿಯಲ್ಲಿ ನೆಲಸಿದರು.

ಮೊಗ್ಲಿಂಗರು ಕನ್ನಡಕ್ಕೆ ಮಾಡಿದಂಥದನ್ನು ಗುಂಡರ್ಟರು ಮಲೆಯಾಳಕ್ಕೆ ಮಾಡಿದರು. ಆ ಭಾಷೆಯ ಮೊದಲನೆಯ ಪತ್ರಿಕೆಯಾದ ರಾಜ್ಯಸಮಾಚಾರವು 1847ರಲ್ಲಿ ಅವರ ತಲಚೇರಿಯ ಮನೆಯಿಂದ ಹೊರಟಿತು. ಅವರು ಮಲೆಯಾಳದ ವ್ಯಾಕರಣವನ್ನು ಬರೆದರು. ಶಬ್ದಗಳನ್ನು ಒಂದೊಂದಾಗಿ ಕೂಡಿಸುತ್ತಾ ಇರಲಾಗಿ, ದೇಹಸ್ಥಿತಿ ಕೆಟ್ಟು 1859ರಲ್ಲಿ ಜರ್ಮನಿಗೆ ಹಿಂತಿರುಗಬೇಕಾಯಿತು. ಆದರೂ ಆರಂಭಿಸಿದ್ದನ್ನು ಕೈಬಿಡಲಿಲ್ಲ. ಕಾಲ್ವ್ ಎಂಬ ಸಣ್ಣ ಊರಿನಲ್ಲಿ ಕುಳಿತು ಇನ್ನೂ ಅನೇಕ ವರುಷ ದುಡಿದು ತನ್ನ ದೊಡ್ಡ ಮಲೆಯಾಳ ನಿಘಂಟನ್ನು ಮುಗಿಸಿದರು. ಅದು 1872ರಲ್ಲಿ ನಮ್ಮ ಮಂಗಳೂರಿನಲ್ಲಿ ಅಚ್ಚಾಯಿತು.

ಈ ಇಬ್ಬರು ಹರ್ಮನ್ನರು ಒಬ್ಬರಿಗೊಬ್ಬರು ಆಪ್ತಮಿತ್ರರು. ಮೊಗ್ಲಿಂಗರು ತೀರಿದ ಮರು ವರುಷ, ಅಂದರೆ 1882ರಲ್ಲಿ, ಗುಂಡರ್ಟರು ತಮ್ಮ ಗೆಳೆಯನ ಜೀವಚರಿತ್ರೆಯನ್ನು ಬರೆದು ಪ್ರಕಟಿಸಿದರು. ಸಂಗಡಿಗನ ಕೀರ್ತಿಯನ್ನು ಕಂಡು ಹೊಟ್ಟೇಕಿಚ್ಚು ಪಡುವದು ವಿದ್ವಾಂಸರಲ್ಲಿಯೂ ಸಭೆಯ ಹಿರಿಯರಲ್ಲಿಯೂ ಇರುವ ರೋಗ. ಅದು ಗುಂಡರ್ಟರ ಲೇಖನಿಗೆ ಅಂಟಲಿಲ್ಲ.

3. ಹರ್ಮನ್ ಆನಂದರಾವ್ ಕೌಂಡಿನ್ಯ

ಈಗ ನಮ್ಮ ನಾಡಿನಲ್ಲಿಯೇ ಹುಟ್ಟಿದ ಹರ್ಮನ್ ಬಳಿಗೆ ಬರುವ. ಆನಂದರಾವ್ 1825ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದವರು. ಮಿಶನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿರುವಾಗ ಅವರ ಮನಸ್ಸು ಸುವಾರ್ತೆಯ ಕಡೆಗೆ ತಿರುಗಿತು. 1844ನೆಯ ಜನವರಿ 6ರಂದು ಇನ್ನಿಬ್ಬರು ಗೆಳೆಯರ ಸಂಗಡ ಅವರಿಗೆ ದೀಕ್ಷಾಸ್ನಾನವಾಯಿತು. ಆಗ ಅವರಿಗೆ ಇನ್ನೂ ಹತ್ತೊಂಭತ್ತು ತುಂಬಿರಲಿಲ್ಲ. ಊರಲ್ಲೆಲ್ಲಾ ದೊಡ್ಡ ಗಲಭೆ ಎದ್ದಿತು. ಹುಟ್ಟಿದ ಮನೆಯೂ ಬಂಧುಬಳಗವೂ ದೂರವಾದವು.

ಆ ದಿನ ಅವರು ತನಗೆ ತಂದೆಯಂತಿದ್ದ ಮೊಗ್ಲಿಂಗರ ಹೆಸರನ್ನು ಧರಿಸಿದರು. ಆದರೆ ಅವರು ಹೇಗೆ ಧರಿಸಿದರೆಂಬದನ್ನು ಚೆನ್ನಾಗಿ ನೋಡಿರಿ. ಅವರ ಪೂರ್ತಿ ಹೆಸರು ಹರ್ಮನ್ ಆನಂದರಾವ್ ಕೌಂಡಿನ್ಯ ಎಂದಾಯಿತು. ಮೊದಲನೆಯದು ಗುರುವಿನಿಂದ ಬಂದದ್ದು. ನಡುವಿನದು ತೊಟ್ಟಿಲಲ್ಲಿ ಹೆತ್ತವರು ಕರೆದದ್ದು. ಕಡೆಯದು ಅವರ ಗೋತ್ರದ ಹೆಸರು. ಹೊಸದನ್ನು ತೆಗೆದುಕೊಂಡವರು ಹಳೇದನ್ನು ಬೀದಿಗೆ ಎಸೆಯಲಿಲ್ಲ. ತನ್ನನ್ನು ದೂರಮಾಡಿದವರು ಇಟ್ಟ ಹೆಸರನ್ನೂ ಅವರು ಸಾಯುವ ತನಕ ಹೊತ್ತುಕೊಂಡೇ ಇದ್ದರು. ಹೆಸರು ಬದಲಾಯಿಸಿದವನು ತನ್ನ ತಾಯಿತಂದೆಗಳನ್ನು ತಿರಸ್ಕರಿಸಿದನೆಂದು ನಿಮ್ಮ ಊರಲ್ಲಿ ಯಾರಾದರೂ ದೂರಿದರೆ, ಈ ಮೂರು ಮಾತಿನ ಹೆಸರನ್ನು ಅವರಿಗೆ ಹೇಳಿರಿ.

ಅವರು 1846ರಲ್ಲಿ ಬಾಸೆಲಿಗೆ ಹೋಗಿ ಐದು ವರುಷ ಕಲಿತು, ಬೋಧಕರಾಗಿ ಅಭಿಷೇಕ ಹೊಂದಿ, 1851ರಲ್ಲಿ ಹಿಂದಕ್ಕೆ ಬಂದರು. ಮಂಗಳೂರಿನಲ್ಲಿ ಉಪದೇಶಿಗಳಾಗತಕ್ಕವರಿಗೆ ಪಾಠ ಹೇಳಿದರು. ಅಷ್ಟರಲ್ಲಿ ಮೊಗ್ಲಿಂಗರು 1853ರಲ್ಲಿ ಕೊಡಗಿಗೆ ಹೋಗಿ, ಅಲ್ಲಿ ಅಸ್ಪೃಶ್ಯರೆಂದು ಎಣಿಸಲ್ಪಟ್ಟು ಒಡೆಯರ ಗದ್ದೆಗಳಿಗೆ ಜೀತದವರಾಗಿ ಕಟ್ಟಲ್ಪಟ್ಟಿದ್ದ ಬಡಜನರ ನಡುವೆ ಕೆಲಸ ಮಾಡತೊಡಗಿದ್ದರು. ಆ ಜನರಲ್ಲಿ ಕ್ರಿಸ್ತನನ್ನು ನಂಬಿದವರಿಗಾಗಿ ಸಿದ್ದಾಪುರದ ಬಳಿಯಲ್ಲಿ ಒಂದು ಊರು ಹುಟ್ಟಿತು. ಅದಕ್ಕೆ ಆನಂದಪುರವೆಂದು ಹೆಸರಾಯಿತು. ಗುರುವು ಶಿಷ್ಯನಿಗೆ ತನ್ನ ಹೆಸರನ್ನು ಕೊಟ್ಟಿದ್ದರು. ಈಗ ಶಿಷ್ಯನ ಹೆಸರು ಗುರುವು ನೆಟ್ಟ ಊರಿಗೆ ಬಂದಿತು. ಆ ಊರಿಗೆ ಬಂದದ್ದು ಹರ್ಮನ್ ಎಂಬ ಹೊಸ ಹೆಸರಲ್ಲ, ಹೆತ್ತವರು ಇಟ್ಟ ಆನಂದ ಎಂಬದೇ.

ಕೌಂಡಿನ್ಯರು ತಮ್ಮ ಆಯುಷ್ಯದ ಒಂದು ಭಾಗವನ್ನು ಆ ಊರಿನ ಜನರಿಗಾಗಿ ದುಡಿಯುವದರಲ್ಲಿ ಕಳೆದರು. ಇದರ ತೂಕವನ್ನು ಪಟ್ಟಣದವರಿಗಿಂತಲೂ ಹಳ್ಳಿಯವರಾದ ನೀವು ಚೆನ್ನಾಗಿ ತಿಳಿಯುವಿರಿ. ಒಂದೇ ಬಾವಿಯ ನೀರಿಗೂ ಒಂದೇ ಪಂಕ್ತಿಯ ಊಟಕ್ಕೂ ಎಷ್ಟು ಜಗಳಗಳಾಗಿವೆಯೆಂದು ನಿಮಗೆ ಗೊತ್ತು. ಯಾರ ನೆರಳು ಬಿದ್ದರೆ ಮೈಲಿಗೆಯೆಂದು ಬಾಲ್ಯದಲ್ಲಿ ಕಲಿತಿದ್ದರೋ, ಅವರನ್ನೇ ಸಹೋದರರೆಂದು ಕರೆದು ಅವರ ಸೇವೆ ಮಾಡುವದು ನೀರಿನಲ್ಲಿ ಮುಳುಗಿ ಏಳುವಷ್ಟು ಸುಲಭವಲ್ಲ. ಕೌಂಡಿನ್ಯರು 1893ರಲ್ಲಿ ತೀರಿಹೋದರು. ಗುಂಡರ್ಟರು ಕಾಲ್ವ್ ಊರಿನಲ್ಲಿ ತೀರಿಹೋದದ್ದೂ ಅದೇ ವರುಷದಲ್ಲಿಯೇ.

4. ಹರ್ಮನ್ ಹೆಸ್ಸೆ

ಗುಂಡರ್ಟರಿಗೆ 1842ರಲ್ಲಿ ತಲಚೇರಿಯಲ್ಲಿ ಮರೀ ಎಂಬ ಮಗಳು ಹುಟ್ಟಿದ್ದಳು. ಮಂಗಳೂರಿನಲ್ಲಿ ಕೆಲವು ವರುಷ ಮಿಶನೆರಿಯಾಗಿದ್ದು, ದೇಹಸ್ಥಿತಿ ಕೆಟ್ಟು ಯೂರೋಪಿಗೆ ಹಿಂತಿರುಗಿದ ಯೋಹಾನ್ನೆಸ್ ಹೆಸ್ಸೆ ಎಂಬವರ ಸಂಗಡ ಆಕೆಗೆ ಮದುವೆಯಾಯಿತು. ಅವರ ಮಗನು 1877ರಲ್ಲಿ ಕಾಲ್ವ್ ಊರಿನಲ್ಲಿ ಹುಟ್ಟಿದನು. ತಾಯಿಯ ತಂದೆ ಹರ್ಮನ್. ತಂದೆಯ ತಂದೆಯ ಹೆಸರಿನಲ್ಲಿಯೂ ಹರ್ಮನ್ ಎಂಬದು ಸೇರಿತ್ತು. ಆದದರಿಂದ ಕೂಸಿಗೂ ಅದೇ ಹೆಸರು ಬಂದಿತು. ಈ ಹುಡುಗನು ಅಜ್ಜನಂತೆ ಪಂಡಿತನೂ ಬೋಧಕನೂ ಆಗುವನೆಂದು ಮನೆಯವರು ಆಶಿಸಿ, ಅಜ್ಜನು ಓದಿದ ಮೌಲ್‌ಬ್ರೊನ್ ಮಠಶಾಲೆಗೆ 1891ರಲ್ಲಿ ಕಳುಹಿಸಿದರು.

ಆರು ತಿಂಗಳೊಳಗೆ ಅವನು ಅಲ್ಲಿಂದ ಓಡಿಹೋದನು. ಒಂದು ರಾತ್ರಿಯನ್ನು ಬೈಲಿನಲ್ಲಿ ಚಳಿಯಲ್ಲಿ ಕಳೆದನು. ಬಳಿಕ ಅವನ ಮನಸ್ಸು ಬಹಳವಾಗಿ ಕದಡಿ, ತನ್ನ ಪ್ರಾಣವನ್ನು ತಾನೇ ತೆಗೆದುಕೊಳ್ಳುವದಕ್ಕೂ ಪ್ರಯತ್ನಿಸಿದನು. ಓಡಿಹೋಗಿ ಬಂದ ಹುಡುಗನು ಅಜ್ಜನ ಮುಂದೆ ನಡುಗುತ್ತಾ ನಿಂತಾಗ, ಆ ಮುದುಕರು ಗದರಿಸದೆ ನಗುಮುಖದಿಂದ ಮಾತಾಡಿಸಿದರೆಂದು ಮೊಮ್ಮಗನು ಮುಂದೆ ನೆನಪಿಟ್ಟು ಬರೆದಿದ್ದಾನೆ. ಪ್ರಿಯ ತಂದೆತಾಯಿಗಳೇ, ಇದನ್ನು ಎರಡು ಸಾರಿ ಓದಿರಿ. ತನ್ನ ಹೆಸರನ್ನು ಹೊತ್ತ ಮಗುವು ತನ್ನ ದಾರಿಯನ್ನು ಬಿಟ್ಟು ಓಡಿದಾಗ, ಹೆಸರಿನ ಮಾನ ಹೋಯಿತೆಂದು ಆ ಅಜ್ಜನು ಕೂಗಾಡಲಿಲ್ಲ. ಅವರಿಗೆ ಹೆಸರಿಗಿಂತ ಮಗು ದೊಡ್ಡದು.

ಹುಡುಗನು ಕೆಲವು ಕಾಲ ಗಡಿಯಾರಗಳ ಕಾರ್ಖಾನೆಯಲ್ಲಿ ಕೆಲಸ ಕಲಿತನು. ಆಮೇಲೆ ಆ ಇಬ್ಬರು ಹಿರಿಯ ಹರ್ಮನ್ನರು ಓದಿದ ಟ್ಯೂಬಿಂಗೆನ್ ಪಟ್ಟಣದಲ್ಲಿಯೇ ಪುಸ್ತಕದ ಅಂಗಡಿಯ ಆಳಾಗಿ ನಿಂತನು. ಅಲ್ಲಿಂದ ಮೆಲ್ಲನೆ ದೊಡ್ಡ ಗ್ರಂಥಕರ್ತರಾದರು. 1911ರಲ್ಲಿ ಪೂರ್ವದೇಶಗಳಿಗೆ ಪ್ರಯಾಣ ಮಾಡಿ ಸಿಂಹಳ, ಸಿಂಗಾಪುರ, ಸುಮಾತ್ರಗಳನ್ನು ನೋಡಿದರು. ತಾಯಿ ಹುಟ್ಟಿದ ಮಲಬಾರಿನ ನೆಲವನ್ನು ಮಾತ್ರ ತುಳಿಯಲಾಗಲಿಲ್ಲ. ಬುದ್ಧನ ಕಾಲದ ಹಿಂದುಸ್ಥಾನವನ್ನು ಕುರಿತು ಅವರು ಬರೆದ ಸಿದ್ಧಾರ್ಥ ಎಂಬ ಕಥೆಯು 1922ರಲ್ಲಿ ಪ್ರಕಟವಾಯಿತು. ಅವರು ಅಜ್ಜನಂತೆ ಸಭೆಯ ಬೋಧಕರಾಗಲಿಲ್ಲ, ಅಜ್ಜನ ನಂಬಿಕೆಯನ್ನು ಅಜ್ಜನ ರೀತಿಯಲ್ಲಿ ಹಿಡಿಯಲೂ ಇಲ್ಲ. ಇದನ್ನು ನಾವು ಮುಚ್ಚಿಡತಕ್ಕದ್ದಲ್ಲ.

ಆದರೆ 1914ರಲ್ಲಿ ಮಹಾಯುದ್ಧವು ಆರಂಭವಾಗಿ ಜರ್ಮನಿಯ ಅನೇಕ ಲೇಖಕರು ದ್ವೇಷದ ಹಾಡುಗಳನ್ನು ಬರೆಯುತ್ತಿರುವಾಗ, ದ್ವೇಷವನ್ನು ಬಿಡಿರೆಂದು ಅವರು ಬಹಿರಂಗವಾಗಿ ಬರೆದರು. ಅದಕ್ಕಾಗಿ ಸ್ವದೇಶದ ಪತ್ರಿಕೆಗಳು ಅವರನ್ನು ದ್ರೋಹಿಯೆಂದು ಬೈದವು. ಅವರು ಸ್ವಿಸ್ ದೇಶದಲ್ಲಿ ಕುಳಿತು, ಸೆರೆಸಿಕ್ಕಿದ ಸಿಪಾಯಿಗಳಿಗೆ ಪುಸ್ತಕಗಳನ್ನು ಕಳುಹಿಸುವ ಕೆಲಸವನ್ನು ನಡಿಸಿದರು. ದಂಡಿನವನು ಎಂದು ಅರ್ಥವುಳ್ಳ ಹೆಸರಿನ ಈ ಮನುಷ್ಯನು ದಂಡುಗಳ ನಡುವೆ ಸಮಾಧಾನದ ಮಾತನ್ನಾಡಿದರು.

5. ಹರ್ಮನ್ ಗೋರಿಂಗ್

ಇಬ್ಬರು ಹರ್ಮನ್ನರು ತೀರಿಹೋದ 1893ನೆಯ ವರುಷದ ಜನವರಿ 12ರಂದು ಮತ್ತೊಬ್ಬ ಹರ್ಮನ್ ಜರ್ಮನಿಯಲ್ಲಿ ಹುಟ್ಟಿದನು. ತಂದೆತಾಯಿಗಳು ಅವನಿಗೆ ಕುಟುಂಬಸ್ನೇಹಿತನೂ ಅವನ ದೀಕ್ಷಾಸಾಕ್ಷಿಯೂ ಆದ ಹರ್ಮನ್ ಎಪೆನ್‌ಸ್ಟೈನ್ ಎಂಬ ವೈದ್ಯನ ಹೆಸರನ್ನಿಟ್ಟರು. ಆ ವೈದ್ಯನು ಯೆಹೂದ್ಯ ವಂಶದವನು. ಗೋರಿಂಗ್ ಬಾಲಕನಾಗಿದ್ದಾಗ ಆ ವೈದ್ಯನ ಕೋಟೆಮನೆಗಳಲ್ಲಿ ಇದ್ದು, ಅವನ ಉಪ್ಪು ತಿಂದು ಬೆಳೆದನು.

ದೊಡ್ಡವನಾದ ಮೇಲೆ ಅವನು ಹಿಟ್ಲರನ ಪಕ್ಷವನ್ನು ಸೇರಿ, 1933ರಲ್ಲಿ ಆ ಪಕ್ಷಕ್ಕೆ ಅಧಿಕಾರ ಬಂದಾಗ ಗುಪ್ತ ಪೊಲೀಸರ ದಳವನ್ನು ಸ್ಥಾಪಿಸಿದನು. ವಿಮಾನದಳದ ಮುಖ್ಯಸ್ಥನಾದನು. ಜರ್ಮನಿಯಲ್ಲಿ ಹಿಟ್ಲರನ ತರುವಾಯ ಅವನೇ ಎಂಬಂತಾಯಿತು. ಯೂರೋಪಿನ ಯೆಹೂದ್ಯರೆಲ್ಲರ ವಿಷಯದಲ್ಲಿ ಕಡೆಯ ಏರ್ಪಾಡನ್ನು ಸಿದ್ಧಮಾಡಬೇಕೆಂಬ ಅಪ್ಪಣೆಗೆ 1941ನೆಯ ಜುಲೈ 31ರಂದು ರುಜು ಹಾಕಿದ ಕೈ ಅವನದೇ. ಆ ಆಳಿಕೆಯವರು ಸುಮಾರು 60 ಲಕ್ಷ ಯೆಹೂದ್ಯರನ್ನು, ಹೆಂಗಸರು ಮಕ್ಕಳು ಮುದುಕರೆನ್ನದೆ, ಕೊಂದರು. ಯೆಹೂದ್ಯ ವಂಶದವನಿಂದ ಹೆಸರನ್ನು ಪಡೆದವನು ಯೆಹೂದ್ಯರಿಗೆ ಮೃತ್ಯುವಾದನು.

ಇದೇ ಆಳಿಕೆಯ ಕಾಲದಲ್ಲಿ ಹರ್ಮನ್ ಹೆಸ್ಸೆಯ ಕಡೆಯ ದೊಡ್ಡ ಗ್ರಂಥವನ್ನು ಜರ್ಮನಿಯಲ್ಲಿ ಅಚ್ಚು ಹಾಕುವದಕ್ಕೆ ಅಪ್ಪಣೆ ಸಿಕ್ಕದೆ, 1943ರಲ್ಲಿ ಅದು ಸ್ವಿಸ್ ದೇಶದಲ್ಲಿ ಹೊರಬಂದಿತು. ಕೊನೆಗೆ ಯುದ್ಧವು ಮುಗಿದು ನ್ಯಾಯತೀರ್ಪಿನ ದಿನ ಬಂದಿತು. ನ್ಯೂರೆಂಬರ್ಗ್ ಪಟ್ಟಣದ ನ್ಯಾಯಸ್ಥಾನವು ಗೋರಿಂಗನಿಗೆ ಮರಣದಂಡನೆಯನ್ನು ವಿಧಿಸಿತು. 1946ನೆಯ ಅಕ್ಟೋಬರ್ 15ರ ರಾತ್ರಿ, ಗಲ್ಲಿಗೇರಿಸುವದಕ್ಕೆ ಕೆಲವೇ ತಾಸು ಮುಂಚೆ, ಅವನು ವಿಷ ತಿಂದು ಸತ್ತನು. ಅದೇ 1946ರಲ್ಲಿ ಸಾಹಿತ್ಯದ ನೊಬೆಲ್ ಬಹುಮಾನವು ಹರ್ಮನ್ ಹೆಸ್ಸೆಗೆ ಬಂದಿತು. ಹೆಸ್ಸೆ 1962ರಲ್ಲಿ ತೀರಿಹೋದರು.

ನಾವು ಕಲಿಯತಕ್ಕದ್ದು

ಐವರಿಗೂ ಒಂದೇ ಹೆಸರು. ಹೆಸರಿನಲ್ಲಿಯೇ ಶಕ್ತಿಯಿದ್ದಿದ್ದರೆ ಐವರೂ ಒಂದೇ ರೀತಿಯವರಾಗಬೇಕಾಗಿತ್ತು. ಆದದರಿಂದ ಒಳ್ಳೇ ಹೆಸರನ್ನಿಟ್ಟ ಮಾತ್ರಕ್ಕೆ ಮಗು ಒಳ್ಳೇದಾಗುವದೆಂದು ನೆನಸಬೇಡಿರಿ. ಹಾಗೆಯೇ ಹಳೇ ಹೆಸರನ್ನು ಇಟ್ಟುಕೊಂಡ ಸಹೋದರನ ನಂಬಿಕೆ ಕಡಿಮೆಯೆಂದು ತೀರ್ಪು ಮಾಡಬೇಡಿರಿ. ಆನಂದ ಎಂಬ ಹೆಸರು ಒಂದು ಕ್ರೈಸ್ತ ಊರಿಗೇ ಹೆಸರಾಗಲಿಲ್ಲವೇ?

ಹಾಗಾದರೆ ಹೆಸರು ಏನೂ ಅಲ್ಲವೋ? ಹಾಗೂ ಹೇಳಲಾಗದು. ಹೆಸರು ಸಾಲದ ಹಾಗೆ ಇದೆ. ನಮಗೆ ಅದನ್ನು ಕೊಟ್ಟವರೊಬ್ಬರು ಇರುವರು, ಅವರ ಋಣವು ಅದರೊಂದಿಗೆ ಬರುವದು. ಆನಂದರಾಯರು ಗುರುವಿನ ಋಣವನ್ನು ಕೊಡಗಿನ ಬಡವರ ನಡುವೆ ತೀರಿಸಿದರು. ಹೆಸ್ಸೆಯವರು ಅಜ್ಜನ ದಾರಿಯನ್ನು ಬಿಟ್ಟರೂ, ನಡುಗುತ್ತಾ ನಿಂತ ಹುಡುಗನ ಮೇಲೆ ಅಜ್ಜನು ತೋರಿಸಿದ ದಯೆಯನ್ನು ಮರೆಯಲಿಲ್ಲ. ಗೋರಿಂಗನು ಸಾಲವನ್ನು ಕೊಟ್ಟವನ ಕುಲವನ್ನೇ ನಾಶಮಾಡಹೊರಟನು.

ಕ್ರೈಸ್ತರು ಎಂಬ ಹೆಸರು ನಮ್ಮೆಲ್ಲರಿಗೂ ಸೇರಿದ್ದು. ನಮ್ಮಲ್ಲಿ ಒಬ್ಬನು ಸಂತೆಯಲ್ಲಿ ಸುಳ್ಳು ತೂಕ ಹಾಕಿದರೆ, ಕುಡಿದು ಹೆಂಡತಿಯನ್ನು ಹೊಡೆದರೆ, ಬಾವಿಯ ಬಳಿಯಲ್ಲಿ ಬಡವಳನ್ನು ದೂರ ನಿಲ್ಲಿಸಿದರೆ, ಊರವರು ಅವನೊಬ್ಬನ ಹೆಸರನ್ನು ಹೇಳುವದಿಲ್ಲ, ನಮ್ಮೆಲ್ಲರ ಹೆಸರನ್ನು ಹೇಳುವರು. ಯೋಹಾನನು ತನ್ನ ಸುವಾರ್ತೆಯಲ್ಲಿ ಮಾಡಿದ ಹಾಗೆ, ಇವನು ಆ ಯೂದನಲ್ಲವೆಂದು ನಮ್ಮ ಪಕ್ಷವಾಗಿ ಬಿಡಿಸಿ ಹೇಳುವವರು ಹಳ್ಳಿಯಲ್ಲಿ ಎಷ್ಟು ಮಂದಿ ಸಿಕ್ಕುವರು? ಮುಂದಿನ ಸಾರಿ ನಿಮ್ಮ ಸಭೆಯಲ್ಲಿ ಕೂಸಿಗೆ ಹೆಸರಿಡುವಾಗ, ಆ ಹೆಸರನ್ನು ಮೊದಲು ಹೊತ್ತವರ ಕಥೆಯನ್ನು ಮನೆಯಲ್ಲಿ ಹೇಳಿರಿ. ಮಗುವು ಬೆಳೆದ ಮೇಲೆ ಅದನ್ನು ಮತ್ತೊಮ್ಮೆ ಹೇಳಿರಿ.

ಆಲೋಚಿಸತಕ್ಕ ಪ್ರಶ್ನೆಗಳು

1. ಮೊಗ್ಲಿಂಗರು ಅನ್ಯಮತದ ಗ್ರಂಥಗಳನ್ನು ಅಚ್ಚು ಹಾಕಿಸಿದ್ದರಿಂದ ನಮ್ಮ ನೆರೆಹೊರೆಯವರ ವಿಷಯದಲ್ಲಿ ಏನು ಕಲಿಯಬಹುದು?

2. ಆನಂದರಾವ್ ಕೌಂಡಿನ್ಯರು ತಮ್ಮ ಮೂರು ಹೆಸರುಗಳಲ್ಲಿ ಒಂದನ್ನಾದರೂ ಬಿಟ್ಟಿದ್ದರೆ ಏನು ನಷ್ಟವಾಗುತ್ತಿತ್ತು?

3. ಮಕ್ಕಳು ನಾವು ಆಶಿಸಿದ ದಾರಿಯನ್ನು ಬಿಟ್ಟು ಹೋದಾಗ ಗುಂಡರ್ಟರ ಮಾದರಿಯು ನಮಗೆ ಹೇಗೆ ಸಹಾಯವಾಗುವದು?

4. ನಿಮ್ಮ ಹೆಸರನ್ನು ನಿಮಗೆ ಇಟ್ಟವರು ಯಾರು? ಅವರ ಋಣವನ್ನು ನೀವು ಯಾವ ರೀತಿಯಲ್ಲಿ ತೀರಿಸುತ್ತಿದ್ದೀರಿ?